ಕೃಷಿ ಆರೋಗ್ಯ–ಸುರಕ್ಷತೆಯಲ್ಲಿ ಪಿಜಿ: ಬೆಂಗಳೂರಿನಲ್ಲಿದ್ದು ಯಾವ ದಾರಿ ಹಿಡಿಯೋದು?

ಹಿಪ್ಪುನೇರಳೆ:

ಎಲ್ಲರಿಗೂ ನಮಸ್ಕಾರ. ಜಿಕೆವಿಕೆಯಲ್ಲಿ (ಬೆಂಗಳೂರು ಕೃಷಿ ವಿವಿ) ಬಿಎಸ್ಸಿ ಅಗ್ರಿ ಕೊನೇ ವರ್ಷ. ರೈತರಿಗೆ, ಕೂಲಿಯವರಿಗೆ ಕೆಲಸದಿಂದಲೇ ಬರುವ ಕಾಯಿಲೆ ಮತ್ತು ಗಾಯ, ಇದನ್ನೇ ವಿಷಯವಾಗಿ ಹಿಡಿದು ಪಿಜಿ ಮಾಡಬೇಕು ಅಂತಿದೆ. ಮೂರು ಪ್ರಶ್ನೆ.

ಒಂದು, ಎಂ.ಟೆಕ್ ಕೃಷಿ ಯಂತ್ರೋಪಕರಣ, ಎಂಪಿಎಚ್ (ಸಾರ್ವಜನಿಕ ಆರೋಗ್ಯದ ಪಿಜಿ), ಇಲ್ಲಾ ವಿದೇಶ, ಯಾವುದಕ್ಕೆ ಪ್ರಯತ್ನ ಪಡಲಿ? ಎರಡು, ಥೀಸಿಸ್‌ಗೆ ಶಿಡ್ಲಘಟ್ಟ, ದೇವನಹಳ್ಳಿ ಪಕ್ಕದ ವಿಜಯಪುರ ಕಡೆಯ ರೇಷ್ಮೆ ಹುಳು ಮನೆಗಳಲ್ಲಿ ಸೋಂಕು ನಿವಾರಣೆಗೆ ಹೊಡೆಯುವ ಫಾರ್ಮಲಿನ್ ತಗೊಳ್ಳೋಣ ಅಂದುಕೊಂಡಿದ್ದೇನೆ. ಸೀನಿಯರ್‌ಗಳು ‘200 ಜನರ ಅರಿವು ಸಮೀಕ್ಷೆ ಮಾಡು, ಬೇಗ ಮುಗಿಯುತ್ತೆ’ ಅಂತಾರೆ. ಅದು ಸಾಕಾ? ಮೂರು, ಅಳೆಯೋದೇ ಆದರೆ ಏನೇನು ಬೇಕು, ಎಲ್ಲಿ ಎಡವುತ್ತಾರೆ?

ಕೆರೆಏರಿ:

ಆ ಹೆಸರಿನ ಬೋರ್ಡ್ ಇರುವ ಪಿಜಿಯನ್ನು ಬೆಂಗಳೂರಲ್ಲಿ ಹುಡುಕುತ್ತಾ ಕೂರಬೇಡಿ. ನಮ್ಮಲ್ಲಿ ಈ ವಿಷಯ ನಾಲ್ಕು ಮನೆಗೆ ಹಂಚಿಹೋಗಿದೆ: ಯಂತ್ರದ ಭಾಗ ಕೃಷಿ ಎಂಜಿನಿಯರಿಂಗ್‌ನಲ್ಲಿ, ಕೀಟನಾಶಕ ಕೀಟಶಾಸ್ತ್ರದಲ್ಲಿ, ಮೈಕೈ ನೋವಿನ ಎರ್ಗಾನಾಮಿಕ್ಸ್ ಗೃಹವಿಜ್ಞಾನದಲ್ಲಿ, ಕಾಯಿಲೆ ಸಮುದಾಯ ವೈದ್ಯಕೀಯದಲ್ಲಿ. ಒಂದೇ ಸೂರಿನಡಿ ಕಲಿಸುವ ಜಾಗ ಅಂದರೆ ಅಮೆರಿಕದ ಅಯೋವಾ ವಿಶ್ವವಿದ್ಯಾಲಯ. ಅಲ್ಲಿ ಕೃಷಿ ವೈದ್ಯಕೀಯ ಸಂಸ್ಥೆ 1955ರಲ್ಲೇ ಶುರುವಾಯಿತು. ಈಗ ಔದ್ಯೋಗಿಕ–ಪರಿಸರ ಆರೋಗ್ಯ ವಿಭಾಗದಡಿ ಕೃಷಿ ಸುರಕ್ಷತೆಯನ್ನೇ ವಿಶೇಷ ವಿಷಯವಾಗಿ ತಗೊಂಡು ಓದಬಹುದು. ಕೆನಡಾದ ಸಸ್ಕಾಚೆವಾನ್‌ನಲ್ಲೂ ಗಟ್ಟಿ ತಂಡವಿದೆ. ಆದರೆ ಅಲ್ಲಿನ ಪಾಠದ ಜೀವಾಳ ಹಂದಿ ಕೊಟ್ಟಿಗೆಯ ಧೂಳು, ಧಾನ್ಯದ ಸೈಲೋ, ಮಗುಚುವ ಟ್ರ್ಯಾಕ್ಟರ್. ರೇಷ್ಮೆ ಮನೆ, ಅಡಿಕೆ ಮರ, ಬೆನ್ನಿಗೆ ಹಾಕುವ ಸ್ಪ್ರೇಯರ್ ಬಗ್ಗೆ ನೀವೇ ಅವರಿಗೆ ಹೇಳಬೇಕಾಗುತ್ತೆ.

ಇನ್ನು ಇಲ್ಲಿ. ಎಂ.ಟೆಕ್‌ಗೆ ಬಿ.ಟೆಕ್ ಕೃಷಿ ಎಂಜಿನಿಯರಿಂಗ್ ಕೇಳ್ತಾರೆ, ಬಿಎಸ್ಸಿ ಅಗ್ರಿಯವರಿಗೆ ಆ ಬಾಗಿಲು ಮುಚ್ಚಿದ್ದೇ. ಎಎಫ್‌ಐಎಚ್ ಅನ್ನೋ ಮೂರು ತಿಂಗಳ ಕೈಗಾರಿಕಾ ಆರೋಗ್ಯ ಕೋರ್ಸಿನ ಜಾಹೀರಾತು ಕಣ್ಣಿಗೆ ಬೀಳಬಹುದು. ಅದು ಎಂಬಿಬಿಎಸ್ ಆದವರಿಗೆ, ಅದೂ ಕಾರ್ಖಾನೆಯನ್ನು ತಲೆಯಲ್ಲಿಟ್ಟುಕೊಂಡು ಮಾಡಿದ್ದು. ಎಂಪಿಎಚ್ ನಿಮ್ಹಾನ್ಸ್‌ನಲ್ಲಿದೆ, ಪ್ರಾಸ್ಪೆಕ್ಟಸ್‌ನ ಅರ್ಹತೆ ಪಟ್ಟಿಯಲ್ಲಿ ಕೃಷಿ ಪದವಿ ಇದೆಯೇ ಅಂತ ಆ ವರ್ಷದ್ದನ್ನೇ ನೋಡಿ. ಎಂಪಿಎಚ್‌ನಲ್ಲಿ ಸಾಂಕ್ರಾಮಿಕಶಾಸ್ತ್ರ, ಅಂಕಿಅಂಶ ಚೆನ್ನಾಗಿ ಕಲಿಯುತ್ತೀರಿ. ಪಂಪ್, ಫಿಲ್ಟರ್ ಹಿಡಿಯೋದು ಮಾತ್ರ ಬೇರೆ ಕಡೆ ಕಲಿಯಬೇಕು. ಎರ್ಗಾನಾಮಿಕ್ಸೇ ಇಷ್ಟ ಅಂದರೆ ಧಾರವಾಡ ಕೃಷಿ ವಿವಿಯ ಸಮುದಾಯ ವಿಜ್ಞಾನ (ಹಿಂದಿನ ಗೃಹವಿಜ್ಞಾನ) ಕಾಲೇಜು ನೋಡಿ.

ನನ್ನ ಓಟು ಜಿಕೆವಿಕೆಯಲ್ಲೇ ರೇಷ್ಮೆ ಕೃಷಿ ಎಂಎಸ್ಸಿಗೆ. ಜೊತೆಗೆ ಔದ್ಯೋಗಿಕ ಆರೋಗ್ಯದವರೊಬ್ಬರು ಸಹ ಮಾರ್ಗದರ್ಶಕರಾಗಿ ಬರಲೇಬೇಕು. ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ದಕ್ಷಿಣ ಪ್ರಾದೇಶಿಕ ಔದ್ಯೋಗಿಕ ಆರೋಗ್ಯ ಕೇಂದ್ರ ದೇವನಹಳ್ಳಿ ಕಡೆ ಕನ್ನಮಂಗಲದಲ್ಲಿದೆ, ನಿಮ್ಮ ಕಾಲೇಜಿನಿಂದ ಬಳ್ಳಾರಿ ರಸ್ತೆ ಹಿಡಿದರೆ ಸಿಗುತ್ತೆ. ‘ನನಗೆ ಆಸಕ್ತಿ ಇದೆ’ ಅಂತ ಮೇಲ್ ಹಾಕಿದರೆ ಉತ್ತರ ಬರೋದು ಕಷ್ಟ. ಯಾವ ಕೆಲಸ, ಯಾವ ರಾಸಾಯನಿಕ, ಎಷ್ಟು ಮನೆ, ಯಾವ ವಿಧಾನ, ಅವರಿಂದ ಏನು ಬೇಕು, ಇಷ್ಟನ್ನು ಒಂದೇ ಪುಟದಲ್ಲಿ ಬರೆದು ಕಳಿಸಿ.

ಸೊನ್ನೆಬಿಂದು:

ಸಮೀಕ್ಷೆ ಬಗ್ಗೆ ಖಾರವಾಗಿಯೇ ಹೇಳ್ತೀನಿ. ‘ಶೇಕಡಾ ಇಷ್ಟು ಜನಕ್ಕೆ ಮಾಸ್ಕ್ ಹಾಕಬೇಕು ಅಂತ ಗೊತ್ತು, ಹಾಕೋದಿಲ್ಲ’ ಅನ್ನೋ ಥೀಸಿಸ್‌ಗಳು ಲೈಬ್ರರಿಯಲ್ಲಿ ಕಪಾಟುಗಟ್ಟಲೆ ಇವೆ. ಯಾವ ಹೊತ್ತಲ್ಲಿ, ಯಾವ ಕೆಲಸದಲ್ಲಿ, ಎಷ್ಟು ಒಳಹೋಗುತ್ತೆ ಅನ್ನೋದೇ ಗೊತ್ತಿಲ್ಲದೆ ಏನು ಬದಲಿಸಬೇಕು ಅಂತ ಹೇಳೋಕಾಗಲ್ಲ. ಪ್ರಶ್ನಾವಳಿ ಇರಲಿ, ಆದರೆ ಅಳತೆಗೆ ಆಳಾಗಿ ಇರಲಿ.

ಮೊದಲು ಕೆಲಸವನ್ನು ತುಂಡು ಮಾಡಿ. ಸೋಂಕು ನಿವಾರಣೆ ಬೆಳೆಗೆ ಎರಡು ಸಲ: ಗೂಡು ಬಿಡಿಸಿದ ಮೇಲೊಮ್ಮೆ, ಮುಂದಿನ ಚಾಕಿ (ಎಳೇ) ಹುಳು ತರುವ ಮೊದಲೊಮ್ಮೆ. ಪ್ರತಿ ಸಲವೂ ಕ್ಯಾನಿನಿಂದ ಸುರಿದು ಬೆರೆಸೋದು, ಗೋಡೆ–ನೆಲ–ಸೂರಿಗೆ ಹೊಡೆಯೋದು, ತಟ್ಟೆಗೆ, ಹುಳು ಗೂಡು ಕಟ್ಟುವ ಚಂದ್ರಿಕೆಗೆ ಹೊಡೆಯೋದು, ಮುಚ್ಚಿದ ಮನೆಯನ್ನು ಮರುದಿನ ತೆರೆಯೋದು, ಹೀಗೆ ನಾಲ್ಕು ಕೆಲಸ. ಅಂಗಡಿಯ ಫಾರ್ಮಲಿನ್‌ನಲ್ಲಿ ಫಾರ್ಮಾಲ್ಡಿಹೈಡ್ ಸುಮಾರು ಶೇ 36. ಶೇ 2ರ ದ್ರಾವಣಕ್ಕೆ 1 ಪಾಲಿಗೆ 17 ಪಾಲು ನೀರು. ಹಾಗಾಗಿ ನಿಮಿಷ ಲೆಕ್ಕದಲ್ಲಿ ಚಿಕ್ಕದಾದರೂ ಕ್ಯಾನ್ ಬಗ್ಗಿಸೋ ಹೊತ್ತನ್ನು ಬಿಡಬೇಡಿ, ಮುಖದ ಹತ್ತಿರ ಇರೋದು ಶೇ 36ರ ಸರಕು. ಇನ್ನೊಂದು ತೊಡಕು ಫಾರ್ಮಲಿನ್‌ನ ಸ್ವಭಾವದಲ್ಲೇ ಇದೆ. ಅದು ಕೆಲಸ ಮಾಡೋಕೆ 25 ಡಿಗ್ರಿಗಿಂತ ಹೆಚ್ಚು ಬಿಸಿ, ಶೇ 70ಕ್ಕಿಂತ ಹೆಚ್ಚು ತೇವ, ಗಾಳಿಯಾಡದ ಕೋಣೆ ಬೇಕು. ಹುಳುವಿಗೆ ಒಳ್ಳೇದು ಅಂತ ಹೇಳೋದೆಲ್ಲ ಹೊಡೆಯುವವನ ಮೂಗಿಗೆ ಕೆಟ್ಟದ್ದು. ‘ಕಿಟಕಿ ತೆಗೆದು ಹೊಡೀರಿ’ ಅನ್ನೋ ಶಿಫಾರಸು ಬರೆದರೆ ರೇಷ್ಮೆ ವಿಭಾಗದವರು ಅಲ್ಲೇ ತಿರಸ್ಕರಿಸ್ತಾರೆ. ಹಿಂದಿನ ಗೋಡೆಯಿಂದ ಶುರುಮಾಡಿ ಬಾಗಿಲ ಕಡೆಗೆ ಹಿಮ್ಮೆಟ್ಟುತ್ತಾ ಹೊಡೆಯೋದು, ಚಂದ್ರಿಕೆಗಳಿಗೆ ಅಂಗಳದಲ್ಲೇ ಹೊಡೆದು ಆಮೇಲೆ ಒಳಗೆ ತರೋದು, ಇಂಥವನ್ನು ಹೋಲಿಸಿ ನೋಡಿ. ಚಂದ್ರಿಕೆಯನ್ನು ಎತ್ತಿ ಹಿಡಿದು ಹೊಡೆದಾಗ ದ್ರಾವಣ ಮೊಣಕೈವರೆಗೆ ತೋಳಿನೊಳಗೆ ಇಳಿಯುತ್ತೆ. ಗ್ಲೌಸ್‌ನ ಬಾಯಿ ಅಂಗಿ ತೋಳಿನ ಒಳಗಿದ್ದರೆ ತೋಳಿನೊಳಗೇ ತುಂಬಿಕೊಳ್ಳುತ್ತೆ. ಕೈ ಮೇಲೆತ್ತುವ ಕೆಲಸಕ್ಕೆ ಗ್ಲೌಸ್‌ನ ತುದಿಯನ್ನು ಹೊರಕ್ಕೆ ಮಡಚಿ ತೊಟ್ಟಿಯಂತೆ ಮಾಡಬೇಕು.

ಗಾಳಿ ಮಾದರಿಗೆ ಡಿಎನ್‌ಪಿಎಚ್ (ಫಾರ್ಮಾಲ್ಡಿಹೈಡ್ ಹಿಡಿದಿಡುವ ರಾಸಾಯನಿಕ) ಲೇಪಿಸಿದ ಸಿಲಿಕಾ ಜೆಲ್ ಕಾರ್ಟ್ರಿಜ್, ಸೊಂಟಕ್ಕೆ ಕಟ್ಟುವ ಪಂಪ್, ಆಮೇಲೆ ಲ್ಯಾಬ್‌ನಲ್ಲಿ ಎಚ್‌ಪಿಎಲ್‌ಸಿ ಯಂತ್ರದಲ್ಲಿ ವಿಶ್ಲೇಷಣೆ. ಅಮೆರಿಕದ ಔದ್ಯೋಗಿಕ ಸುರಕ್ಷತೆ ಸಂಸ್ಥೆ ನಿಯೋಶ್‌ನ 2016ನೇ ವಿಧಾನ ಇದೇ (ಅದು ವಿಧಾನದ ಸಂಖ್ಯೆ, ಇಸವಿ ಅಲ್ಲ). ಹರಿವು ನಿಮಿಷಕ್ಕೆ 0.1ರಿಂದ 1.5 ಲೀಟರ್, ಒಟ್ಟು 15 ಲೀಟರ್ ಮೀರಬಾರದು. ಲೆಕ್ಕ ಹೀಗೆ: 25 ಡಿಗ್ರಿಯಲ್ಲಿ 1 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ ಒಂದು ಪಾಲು) ಅಂದರೆ ಘನ ಮೀಟರಿಗೆ 1.23 ಮಿಲಿಗ್ರಾಂ. ನಿಮಿಷಕ್ಕೆ 0.5 ಲೀಟರಿನಂತೆ 15 ನಿಮಿಷ ಎಳೆದರೆ 7.5 ಲೀಟರ್. ಗಾಳಿಯಲ್ಲಿ 0.1 ಪಿಪಿಎಂ ಇದ್ದರೆ ಕಾರ್ಟ್ರಿಜ್‌ನಲ್ಲಿ ಸುಮಾರು 0.9 ಮೈಕ್ರೋಗ್ರಾಂ ಕೂರುತ್ತೆ, ಲ್ಯಾಬ್ ಆರಾಮವಾಗಿ ಹಿಡಿಯುತ್ತೆ. 0.1 ಲೀಟರ್ ಹರಿವಿಟ್ಟರೆ 0.2ರ ಒಳಗೆ ಇಳಿದು ಖಾಲಿ ಕಾರ್ಟ್ರಿಜ್ ತೋರಿಸುವ ಅಂಕಿಯಲ್ಲೇ ಮುಳುಗಬಹುದು. 0.1 ಪಿಪಿಎಂ ಅನ್ನೇ ಉದಾಹರಣೆಗೆ ತಗೊಂಡಿದ್ದಕ್ಕೆ ಕಾರಣ, ನಿಯೋಶ್ 15 ನಿಮಿಷಕ್ಕೆ ಹೇಳುವ ಮೇಲ್ಮಿತಿ ಅದೇ.

ಎಡವೋ ಜಾಗಗಳು: ಪಂಪಿನ ಹರಿವನ್ನು ಬೆಳಿಗ್ಗೆ ಅಳೆದು ಸಂಜೆ ಅಳೆಯದೇ ಇರೋದು. ವ್ಯತ್ಯಾಸ ಶೇ 5 ಮೀರಿದರೆ ಆ ಮಾದರಿ ಬಿಟ್ಟುಬಿಡಿ. ಕಾರ್ಟ್ರಿಜ್‌ನ ಬಾಯಿ ಮೇಲ್ಮುಖವಾಗಿದ್ದು ತುಂತುರು ಹನಿ ನೇರ ಒಳಬೀಳೋದು. ಬಾಯಿ ಕೆಳಕ್ಕಿರಲಿ, ಮೂಗಿನಿಂದ 30 ಸೆಂ.ಮೀ. ಒಳಗೆ, ಕಾಲರಿಗೆ ಕ್ಲಿಪ್ ಆಗಿರಲಿ. ಮಾದರಿಯನ್ನು ಬೈಕಿನ ಡಿಕ್ಕಿಯಲ್ಲಿ ಬಿಸಿಲಲ್ಲಿ ತರೋದು. ಐಸ್ ಡಬ್ಬಿ ಬೇಕು, ಬೆಳಕು ತಾಗಬಾರದು. ಪ್ರತಿ ಹತ್ತು ಮಾದರಿಗೆ ಒಂದಾದರೂ ಖಾಲಿ ಕಾರ್ಟ್ರಿಜ್ ಹುಳು ಮನೆವರೆಗೆ ಹೋಗಿ, ತೆರೆದು ಮುಚ್ಚಿ, ಹಾಗೇ ವಾಪಸ್ ಬರಬೇಕು.

ಮತ್ತೆ, ದಯವಿಟ್ಟು ಎನ್95 ಹಂಚಿ ‘ಮಧ್ಯಪ್ರವೇಶ’ ಅಂತ ಅಧ್ಯಾಯ ಬರೀಬೇಡಿ. ಅದು ಕಣ ತಡೆಯೋದು, ಫಾರ್ಮಾಲ್ಡಿಹೈಡ್ ಅನಿಲ. ಫಾರ್ಮಾಲ್ಡಿಹೈಡ್‌ಗೆ ಅಂತಲೇ ಅನುಮೋದನೆ ಇರುವ ಕಾರ್ಟ್ರಿಜ್‌ನ ಹಾಫ್ ಮಾಸ್ಕ್ ಬೇಕು, ಗಡ್ಡ ಇದ್ದರೆ ಅದೂ ಕೂರಲ್ಲ.

ಹಿಪ್ಪುನೇರಳೆ:

ತುಂಬಾ ಉಪಯೋಗ ಆಯಿತು ಸರ್. ಈಗ ಕೆಲವರು ಕ್ಲೋರಿನ್ ಡೈಆಕ್ಸೈಡ್, ಬ್ಲೀಚಿಂಗ್ ಪೌಡರಿಗೆ ಬದಲಾಗಿದ್ದಾರಲ್ಲ, ಅದು ಸುರಕ್ಷಿತ ಅಂತ ಬರೆಯಬಹುದಾ?

ಇನ್ನೊಂದು. ನನ್ನ ಕ್ಲಾಸ್‌ಮೇಟ್ ದೊಡ್ಡಬಳ್ಳಾಪುರದ ಗುಲಾಬಿ ಪಾಲಿಹೌಸ್‌ಗಳಲ್ಲಿ ಔಷಧಿ ಹೊಡೆಯೋರ ರಕ್ತದಲ್ಲಿ ಕೋಲಿನೆಸ್ಟರೇಸ್ ನೋಡ್ತೀನಿ ಅಂತಿದ್ದಾನೆ. ಅದು ಹೇಗೆ?

ಸೊನ್ನೆಬಿಂದು:

ಬರೆಯಬೇಡಿ. ಕ್ಯಾನ್ಸರ್ ಪಟ್ಟಿಯ ಮೊದಲ ಗುಂಪಿನಲ್ಲಿರುವ ಫಾರ್ಮಾಲ್ಡಿಹೈಡ್ ಹೋಯಿತು ಅನ್ನೋದು ಲಾಭವೇ. ಆದರೆ ಕ್ಲೋರಿನ್ ಡೈಆಕ್ಸೈಡ್‌ನ 8 ಗಂಟೆ ಮಿತಿಯೂ 0.1 ಪಿಪಿಎಂ, 5 ಪಿಪಿಎಂ ಅಂದರೆ ಪ್ರಾಣಾಪಾಯದ ಗೆರೆ. ಆಕ್ಟಿವೇಟರ್ (ಆಮ್ಲ) ಬೆರೆಸುವ ಐದು–ಹತ್ತು ನಿಮಿಷವೇ ಅಲ್ಲಿ ಮುಖ್ಯ, ಬಕೆಟ್ ಬಯಲಲ್ಲಿರಬೇಕು. ಬ್ಲೀಚಿಂಗ್ ಪೌಡರ್‌ಗೆ ಆಮ್ಲ ತಗುಲಿದರೆ ಕ್ಲೋರಿನ್ ಏಳುತ್ತೆ, ಆದ್ದರಿಂದ ಇವೆರಡಕ್ಕೂ ಒಂದೇ ಬಕೆಟ್, ಒಂದೇ ಸ್ಪ್ರೇಯರ್ ತೊಳೆಯದೆ ಬಳಸೋದು ತಪ್ಪು. ಹೋಲಿಕೆ ಬೇಕಿದ್ದರೆ ಎರಡನ್ನೂ ಅಳೆದು ಬರೆಯಿರಿ.

ನಾಡಿಮಿಡಿತ:

ಕೋಲಿನೆಸ್ಟರೇಸ್ ಬಗ್ಗೆ ನಾನು ಹೇಳ್ತೀನಿ. ಮೊದಲು ಆ ಪಾಲಿಹೌಸ್‌ನ ಸ್ಟೋರ್ ರೂಮಿಗೆ ಹೋಗಿ ಬಾಟಲಿಗಳ ಲೇಬಲ್ ಓದಲಿ. ಕೋಲಿನೆಸ್ಟರೇಸ್ ನರಗಳ ಕೆಲಸಕ್ಕೆ ಬೇಕಾದ ಕಿಣ್ವ, ಅದನ್ನು ತಡೆಯುವ ಆರ್ಗನೋಫಾಸ್ಫೇಟ್ ಮತ್ತು ಕಾರ್ಬಮೇಟ್ ಗುಂಪಿನ ಕೀಟನಾಶಕಗಳಿಗೆ ಮಾತ್ರ ಈ ಪರೀಕ್ಷೆ. ಹೊಡೆಯುತ್ತಿರೋದು ಅಬಮೆಕ್ಟಿನ್, ಸ್ಪೈರೋಮೆಸಿಫೆನ್, ಇಮಿಡಾಕ್ಲೋಪ್ರಿಡ್ ಆಗಿದ್ದರೆ ಎಲ್ಲರ ಫಲಿತಾಂಶವೂ ನಾರ್ಮಲ್ ಬರುತ್ತೆ, ಮಾಲೀಕರು ಅದನ್ನೇ ಫ್ರೇಮ್ ಹಾಕಿಸಿಕೊಳ್ತಾರೆ.

ಆ ಗುಂಪಿನ ಔಷಧಿಯೇ ಇದೆ ಅಂದುಕೊಳ್ಳೋಣ. ಒಂದೇ ಸಲ ರಕ್ತ ತೆಗೆದು ಲ್ಯಾಬ್‌ನ ನಾರ್ಮಲ್ ಪಟ್ಟಿಗೆ ಹೋಲಿಸಿದರೆ ಪ್ರಯೋಜನವಿಲ್ಲ. ಆ ಪಟ್ಟಿ ಎಷ್ಟು ಅಗಲ ಅಂದರೆ, ಒಬ್ಬನದು ಅವನ ಮಟ್ಟದಿಂದ ಶೇ 30 ಇಳಿದಿದ್ದರೂ ನಾರ್ಮಲ್ ಒಳಗೇ ಇರಬಹುದು. ಹೋಲಿಸಬೇಕಾದ್ದು ಅವರವರ ಮೂಲ ಮಟ್ಟಕ್ಕೆ: ಕನಿಷ್ಠ 30 ದಿನ ಆ ಔಷಧಿ ಮುಟ್ಟದೆ ಇದ್ದಾಗ, ಕೆಲವು ದಿನ ಬಿಟ್ಟು ಎರಡು ಸಲ ತೆಗೆದ ರಕ್ತದ ಸರಾಸರಿ. ಕ್ಯಾಲಿಫೋರ್ನಿಯಾದ ನಿಯಮ ಒಳ್ಳೇ ಅಳತೆಗೋಲು. ಮೂಲಮಟ್ಟದ ಶೇ 80ಕ್ಕೆ ಇಳಿದರೆ ಕೆಲಸದ ಪದ್ಧತಿ ಪರಿಶೀಲನೆ. ಕೆಂಪು ರಕ್ತಕಣದ್ದು ಶೇ 70ಕ್ಕೆ ಅಥವಾ ಪ್ಲಾಸ್ಮಾದ್ದು ಶೇ 60ಕ್ಕೆ ಇಳಿದರೆ ಆ ಕೆಲಸದಿಂದಲೇ ಹೊರಗೆ, ಮತ್ತೆ ಶೇ 80 ಮುಟ್ಟುವವರೆಗೆ. ಕಾರ್ಬಮೇಟ್ ಆದರೆ ಇನ್ನೂ ಒಂದು ಕಾಟ: ದೊಡ್ಡಬಳ್ಳಾಪುರದಿಂದ ಲ್ಯಾಬ್‌ಗೆ ಬರುವಷ್ಟರಲ್ಲಿ ಟ್ಯೂಬಿನಲ್ಲೇ ಕಿಣ್ವ ಚೇತರಿಸಿಕೊಳ್ಳುತ್ತೆ. ತಕ್ಷಣ ಐಸ್‌ಗೆ ಇಟ್ಟು, ಅದೇ ದಿನ, ಅದೇ ಲ್ಯಾಬ್, ಅದೇ ವಿಧಾನ.

ಎಥಿಕ್ಸ್ ಅನುಮತಿ ಮೊದಲೇ ನೋಡಿಕೊಳ್ಳಿ. ರಕ್ತ ತೆಗೆಯಲಿ, ಬರೀ ಪೀಕ್ ಫ್ಲೋ (ಉಸಿರು ಹೊರಬರುವ ವೇಗ ಅಳೆಯುವ ಮೀಟರ್) ಊದಿಸಲಿ, ಮನುಷ್ಯರ ಮೇಲಿನ ಅಧ್ಯಯನ ಅಂದಮೇಲೆ ಐಸಿಎಂಆರ್‌ನ 2017ರ ಮಾರ್ಗಸೂಚಿ ಅನ್ವಯ. ಕೃಷಿ ಕಾಲೇಜಿನಲ್ಲಿ ಇಂಥ ಸಮಿತಿ ಇಲ್ಲದಿದ್ದರೆ ಸಹ ಮಾರ್ಗದರ್ಶಕರ ಸಂಸ್ಥೆಯ ಸಮಿತಿಗೆ ಹಾಕಬೇಕು. ಸಭೆ ದಿನಾ ನಡೆಯಲ್ಲ, ಒಂದು ಆಕ್ಷೇಪಣೆ ಬಂದರೆ ಒಂದು ಬೆಳೆ ಹೋಯಿತು ಅಂತಲೇ ಲೆಕ್ಕ. ಒಪ್ಪಿಗೆ ಪತ್ರ ಕನ್ನಡದಲ್ಲಿ, ಅದೂ ಓದಿ ಹೇಳಿದರೆ ಅರ್ಥವಾಗುವ ಕನ್ನಡದಲ್ಲಿ ಇರಲಿ. ಫಲಿತಾಂಶ ಕೆಟ್ಟದಿದ್ದರೆ ಕೂಲಿಯವರನ್ನು ಕೆಲಸದಿಂದ ತೆಗೆಯಬಾರದು, ಬೇರೆ ಕೆಲಸ ಕೊಡಬೇಕು ಅಂತ ಮಾಲೀಕರಿಂದ ಮೊದಲೇ ಬರಹದಲ್ಲಿ ತಗೊಳ್ಳಿ.

ರೇಷ್ಮೆ ಕೆಲಸಕ್ಕೆ ರಕ್ತವೇ ಬೇಡ. ಹೊಡೆಯುವ ಮೊದಲು, ಮುಗಿದ ಮೇಲೆ, ಮರುದಿನ ಬೆಳಿಗ್ಗೆ ಪೀಕ್ ಫ್ಲೋ. ಪ್ರತಿ ಸಲ ಮೂರು ಊದು, ದೊಡ್ಡದನ್ನು ಬರ್ಕೊಳ್ಳಿ. ಜೊತೆಗೆ ಕಣ್ಣುರಿ, ಗಂಟಲು, ಕೈ ಚರ್ಮ.

ಆಸ್ಪತ್ರೆ ದಾಖಲೆ ನೋಡುವ ಥೀಸಿಸ್ ಮಾಡುವವರಿಗೆ ಐಸಿಡಿ–10ರಲ್ಲಿ (ಕಾಯಿಲೆ–ಗಾಯಗಳ ಅಂತರರಾಷ್ಟ್ರೀಯ ಸಂಕೇತ ಪಟ್ಟಿ) ಹುಡುಕಬೇಕಾದ ಸಂಕೇತಗಳು: ಕೃಷಿ ಯಂತ್ರದ ಗಾಯ ಡಬ್ಲ್ಯೂ30, ಟ್ರ್ಯಾಕ್ಟರ್‌ನಂಥ ವಾಹನ ವಿ84, ಕೀಟನಾಶಕದ ವಿಷ ಟಿ60. ಟಿ60 ಒಂದನ್ನೇ ಎಣಿಸಿದರೆ ಆತ್ಮಹತ್ಯೆ ಪ್ರಯತ್ನವೂ ಕೆಲಸದ ಅವಘಡವೂ ಒಂದೇ ರಾಶಿಗೆ ಬೀಳುತ್ತೆ. ಆಕಸ್ಮಿಕ ಎಕ್ಸ್48, ಉದ್ದೇಶಪೂರ್ವಕ ಎಕ್ಸ್68, ಎರಡನ್ನೂ ಬೇರ್ಪಡಿಸಿ. ಹಾವು ಕಡಿತವನ್ನು ಕರ್ನಾಟಕ 2024ರಲ್ಲಿ ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿದೆ, ಹಾಗಾಗಿ ಆ ಅಂಕಿ ಇನ್ನು ಮುಂದೆ ಸುಧಾರಿಸಬಹುದು.

ಸೊನ್ನೆಬಿಂದು:

ಪಾಲಿಹೌಸ್ ಹುಡುಗನಿಗೆ ರಕ್ತಕ್ಕಿಂತ ಸೆಕೆ ಒಳ್ಳೇ ವಿಷಯ ಅಂತ ನನಗನ್ನಿಸುತ್ತೆ. ಬಿಸಿ, ತೇವ, ಬಿಸಿಲು ಎಲ್ಲ ಸೇರಿಸಿದ ಸೆಕೆಯ ಸೂಚ್ಯಂಕ ಡಬ್ಲ್ಯೂಬಿಜಿಟಿ ಅಳೆಯಲಿ: ಹೊರಗಡೆಗೆ 0.7 ಪಾಲು ಒದ್ದೆ ಬತ್ತಿಯ ಉಷ್ಣತೆ, 0.2 ಪಾಲು ಕಪ್ಪು ಗೋಳದ್ದು, 0.1 ಪಾಲು ಒಣ ಗಾಳಿಯದು. 15 ಸೆಂ.ಮೀ. ಗೋಳ ಸ್ಥಿರವಾಗೋಕೆ 20–25 ನಿಮಿಷ ಬೇಕು, ಇಟ್ಟ ಐದು ನಿಮಿಷಕ್ಕೇ ಓದಿದರೆ ಕಡಿಮೆ ತೋರಿಸುತ್ತೆ. ಸೆಕೆಗೆ ಒಗ್ಗಿಕೊಂಡವರು ಮಧ್ಯಮ ಶ್ರಮದ ಕೆಲಸ ಬಿಡುವಿಲ್ಲದೆ ಮಾಡೋಕೆ 28 ಡಿಗ್ರಿ ಡಬ್ಲ್ಯೂಬಿಜಿಟಿ ಮಿತಿ. ಈಗ ಅಳೆದ ಅಂಕಿಗೆ ಬಟ್ಟೆಯದನ್ನೂ ಸೇರಿಸಿ: ಮಾಮೂಲಿ ನೇಯ್ದ ಬಟ್ಟೆಗೆ ಸೊನ್ನೆ, ಆವಿ ಹೊರಹೋಗದ ಪ್ಲಾಸ್ಟಿಕ್ ಕವರಾಲ್‌ಗೆ 11 ಡಿಗ್ರಿ. ರೇನ್‌ಕೋಟ್ ಹಾಕಿಸಿ ‘ರಕ್ಷಣೆ ಕೊಟ್ಟಿದ್ದೀವಿ’ ಅನ್ನೋರು ಕೂಲಿಯವರನ್ನು ಬೇಯಿಸ್ತಿದ್ದಾರೆ ಅಂತಲೇ ಅರ್ಥ. ಹೊಡೆಯೋದನ್ನು ಬೆಳಗಿನ ಜಾವಕ್ಕೆ ತಂದರೆ ಎರಡೂ ಸಮಸ್ಯೆ ಅರ್ಧ ಕರಗುತ್ತೆ.

ಹೊಡೆದ ಮೇಲೆ ಯಾವಾಗ ಒಳಗೆ ಬಿಡಬೇಕು ಅನ್ನೋದಕ್ಕೆ ಅಮೆರಿಕದ ನಿಯಮದಲ್ಲಿ ಗಾಳಿ ಬದಲಾವಣೆಯ ಲೆಕ್ಕವಿದೆ: 10 ಸಲ ಪೂರ್ತಿ ಗಾಳಿ ಬದಲಾಗಬೇಕು, ಇಲ್ಲಾ 2 ಗಂಟೆ ಫ್ಯಾನ್, ಇಲ್ಲಾ 4 ಗಂಟೆ ಪಕ್ಕದ ಪರದೆ ಎತ್ತಿಡೋದು. ಲೇಬಲ್‌ನಲ್ಲಿ ಹೇಳಿದ ಮರುಪ್ರವೇಶದ ಅವಧಿ ಅದಕ್ಕೂ ಹೊರತಾಗಿ. ಗುಲಾಬಿ ಕೊಯ್ಲು ಬೆಳಿಗ್ಗೆಯೇ ಆಗಬೇಕಾದ್ದರಿಂದ ಇಲ್ಲಿ ನಿಯಮಕ್ಕೂ ಮಾರುಕಟ್ಟೆಗೂ ತಿಕ್ಕಾಟ ಬರುತ್ತೆ. ಥೀಸಿಸ್‌ನ ನಿಜವಾದ ಪ್ರಶ್ನೆ ಅಲ್ಲೇ ಇದೆ.

ಗೊಬ್ಬಳಿಮರ:

ಎಲ್ಲರೂ ರಾಸಾಯನಿಕದ ಹಿಂದೆ ಬಿದ್ದಿರಿ, ಕೈ ಹೋಗೋದು ಯಂತ್ರದಲ್ಲಿ. ಜಿಕೆವಿಕೆ ಕೃಷಿ ಮೇಳಕ್ಕೆ ಒಂದು ಟೇಪು ಹಿಡ್ಕೊಂಡು ಹೋಗಿ. ಒಕ್ಕಣೆ ಯಂತ್ರದ ಸುರಕ್ಷತೆಗೆ ಐಎಸ್ 9020 ಅನ್ನೋ ಭಾರತೀಯ ಮಾನಕ ಇದೆ: ತೆನೆ ಒಡ್ಡುವ ಬಾಯಿಯ ದೋಣಿ ಕನಿಷ್ಠ 900 ಮಿ.ಮೀ. ಉದ್ದ, ಅದರಲ್ಲಿ ಕನಿಷ್ಠ 450 ಮಿ.ಮೀ. ಮೇಲಿಂದ ಮುಚ್ಚಿರಬೇಕು. ಡ್ರಮ್ಮಿಗೆ ಬೆರಳು ತಲುಪಬಾರದು ಅನ್ನೋದೇ ಆ ಅಳತೆಯ ಅರ್ಥ. 1983ರ ಅಪಾಯಕಾರಿ ಯಂತ್ರಗಳ ಕಾಯ್ದೆ ಹುಟ್ಟಿದ್ದೂ ಈ ಯಂತ್ರಗಳಿಂದಲೇ. ಹಳ್ಳಿಯಲ್ಲಿ ಬಾಡಿಗೆಗೆ ಓಡುವ ಹಳೇ ಯಂತ್ರಗಳಲ್ಲಿ ಈ ಎರಡು ಅಳತೆ ತಗೊಂಡು ಪಟ್ಟಿ ಮಾಡಿದರೂ ಒಂದು ಅಧ್ಯಾಯ. ಮುಚ್ಚಳ ಬಿಚ್ಚಿಟ್ಟಿದ್ದರೆ ಯಾಕೆ ಬಿಚ್ಚಿದರು ಅಂತ ಕೇಳಿ. ಹಸಿ ತೆನೆ ಕಟ್ಟಿಕೊಳ್ಳುತ್ತೆ ಅಂತಾರೆ, ಅದು ಸುಳ್ಳಲ್ಲ. ವಿನ್ಯಾಸ ತಿದ್ದಬೇಕಾದ ಜಾಗ ಅದು.

ಟ್ರ್ಯಾಕ್ಟರ್‌ನಿಂದ ಬೇರೆ ಯಂತ್ರಕ್ಕೆ ಶಕ್ತಿ ಕೊಡುವ ಪಿಟಿಒ ಶಾಫ್ಟ್ ನಿಮಿಷಕ್ಕೆ 540 ಸುತ್ತು ಅಂದರೆ ಸೆಕೆಂಡಿಗೆ 9 ಸುತ್ತು. ಟವೆಲ್ಲಿನ ತುದಿಯೋ ಸೆರಗೋ ಸಿಕ್ಕಿದೆ ಅಂತ ಗೊತ್ತಾಗೋ ಅರ್ಧ ಸೆಕೆಂಡಿಗೆ ನಾಲ್ಕೈದು ಸುತ್ತು ಸುತ್ತಿಕೊಂಡಿರುತ್ತೆ. ಕಪ್ಪು ಪ್ಲಾಸ್ಟಿಕ್ ಕವಚ ಇದೆ ಅಂತ ಟಿಕ್ ಹಾಕಬೇಡಿ. ಎಂಜಿನ್ ಆಫ್ ಮಾಡಿ, ಕೀಲಿ ಜೇಬಿಗೆ ಹಾಕಿ, ಕವಚವನ್ನು ಕೈಯಲ್ಲಿ ತಿರುಗಿಸಿ. ಶಾಫ್ಟ್ ನಿಂತೇ ಇದ್ದು ಕವಚ ಮಾತ್ರ ಸಲೀಸಾಗಿ ತಿರುಗಬೇಕು. ಒಳಗಿನ ಬೇರಿಂಗ್ ಸವೆದು ಅಂಟಿಕೊಂಡಿದ್ದರೆ ಶಾಫ್ಟಿನ ಜೊತೆಗೇ ಅದೂ ಸುತ್ತುತ್ತೆ, ಇದ್ದೂ ಇಲ್ಲದ ಹಾಗೆ. ಕವಚದ ಸರಪಳಿ ಕಟ್ಟಿದ್ದಾರಾ ಅದನ್ನೂ ನೋಡಿ.

ಸ್ಲರಿ (ಸಗಣಿ ನೀರಿನ) ಗುಂಡಿ, ಹಗೇವು (ಕಾಳು ತುಂಬಿಡುವ ನೆಲದ ಗುಂಡಿ), ಹಾಳುಬಾವಿ ಮೇಲೆ ಕೆಲಸ ಮಾಡೋರಿಗೆ ನಾಲ್ಕು ಅನಿಲದ ಮೀಟರ್ ಸಾಕು ಬಿಡಿ.

ಸೊನ್ನೆಬಿಂದು:

ಮಿಕ್ಕಿದ್ದೆಲ್ಲ ಸರಿ, ಕೊನೇ ಸಾಲಿಗೆ ಒಂದು ತಿದ್ದುಪಡಿ. ಆ ಮೀಟರ್ ನೋಡೋದು ಆಮ್ಲಜನಕ, ಉರಿಯುವ ಅನಿಲ, ಕಾರ್ಬನ್ ಮೊನಾಕ್ಸೈಡ್, ಹೈಡ್ರೋಜನ್ ಸಲ್ಫೈಡ್. ಕಾರ್ಬನ್ ಡೈಆಕ್ಸೈಡ್ ನೋಡಲ್ಲ. ಹಗೇವಿನಲ್ಲಿ ಕಾಳು ಉಸಿರಾಡಿ ಆಮ್ಲಜನಕ ತಿನ್ನೋದರಿಂದ 19.5ಕ್ಕಿಂತ ಕೆಳಗಿಳಿದು ಮೀಟರ್ ಕೂಗುತ್ತೆ. ಆದರೆ ಹುದುಗುವಿಕೆಯಿಂದ ಕಾರ್ಬನ್ ಡೈಆಕ್ಸೈಡ್ ಬಂದು ಗಾಳಿಯನ್ನು ಬರೀ ತಳ್ಳಿದ ಜಾಗದಲ್ಲಿ ಅದು ಶೇ 5 ಆದರೂ ಆಮ್ಲಜನಕ 20.9ರಿಂದ 19.9ಕ್ಕಷ್ಟೇ ಇಳಿಯುತ್ತೆ, ಮೀಟರ್ ಸುಮ್ಮನಿರುತ್ತೆ. ಶೇ 4 ಅಂದರೇ ಪ್ರಾಣಾಪಾಯದ ಗೆರೆ. ಐದನೇ ಸೆನ್ಸರ್ ಇರುವುದನ್ನೇ ಕೇಳಿ ಪಡೆಯಿರಿ. ಪ್ರತಿ ದಿನ ಬಳಸುವ ಮೊದಲು ಪರೀಕ್ಷಾ ಅನಿಲ ಬಿಟ್ಟು ಎಲ್ಲ ಸೆನ್ಸರ್‌ಗಳೂ ಸ್ಪಂದಿಸುತ್ತವೆಯೇ ನೋಡಿ, ಹಗ್ಗದಲ್ಲಿ ಇಳಿಬಿಟ್ಟು ಮೇಲೆ, ನಡುವೆ, ತಳ ಮೂರೂ ಕಡೆ ಎರಡೆರಡು ನಿಮಿಷ ನಿಲ್ಲಿಸಿ. ಮೂಗನ್ನು ನಂಬುವ ಹಾಗೇ ಇಲ್ಲ, ಹೈಡ್ರೋಜನ್ ಸಲ್ಫೈಡ್ 100 ಪಿಪಿಎಂ ಹತ್ತಿರ ಬಂದರೆ ವಾಸನೆಯೇ ಗೊತ್ತಾಗಲ್ಲ.

ಹಿಪ್ಪುನೇರಳೆ:

ಸಮೀಕ್ಷೆ ಕೈಬಿಟ್ಟೆ. ಫಾರ್ಮಲಿನ್ ಮನೆ ಒಂದಿಷ್ಟು, ಕ್ಲೋರಿನ್ ಡೈಆಕ್ಸೈಡ್ ಮನೆ ಒಂದಿಷ್ಟು, ನಾಲ್ಕು ಕೆಲಸ, ಪೀಕ್ ಫ್ಲೋ. ಎಷ್ಟು ಮನೆ ಇಟ್ಟುಕೊಳ್ಳಲಿ?

ಸೊನ್ನೆಬಿಂದು:

ಮನೆ ಕಡಿಮೆ ಇರಲಿ, ಒಂದೇ ಮನೆಯನ್ನು ಎರಡು–ಮೂರು ಬೆಳೆಯಲ್ಲಿ ಮತ್ತೆ ಅಳೆಯಿರಿ. ಒಬ್ಬನೇ ವ್ಯಕ್ತಿಯ ಅಂಕಿಯೇ ದಿನದಿಂದ ದಿನಕ್ಕೆ ಹಲವು ಪಟ್ಟು ಏರಿಳಿಯುತ್ತೆ, ಒಂದೊಂದೇ ಸಲ ಅಳೆದರೆ ಮನೆಯ ವ್ಯತ್ಯಾಸವೋ ದಿನದ ವ್ಯತ್ಯಾಸವೋ ತಿಳಿಯಲ್ಲ. ಮೊದಲು ನಾಲ್ಕೈದು ಮನೆಯಲ್ಲಿ ಪೈಲಟ್ ಮಾಡಿ, ಆ ಏರಿಳಿತ ತಗೊಂಡು ಸಂಖ್ಯಾಶಾಸ್ತ್ರದವರ ಹತ್ತಿರ ಹೋಗಿ, ಸಂಖ್ಯೆ ಅವರೇ ಹೇಳ್ತಾರೆ. ಅಂಕಿಗಳನ್ನು ಲಾಗ್‌ಗೆ ತಂದು ಜ್ಯಾಮಿತೀಯ ಸರಾಸರಿ ಕೊಡಿ. ಪತ್ತೆಮಿತಿಗಿಂತ ಕಡಿಮೆ ಬಂದದ್ದನ್ನು ಸೊನ್ನೆ ಅಂತ ಹಾಕಬೇಡಿ. ಕ್ಲೋರಿನ್ ಡೈಆಕ್ಸೈಡ್‌ಗೆ ಡಿಎನ್‌ಪಿಎಚ್ ಕಾರ್ಟ್ರಿಜ್ ಕೆಲಸ ಮಾಡಲ್ಲ, ಅದಕ್ಕೆ ಬೇರೆ ವಿಧಾನ ಬೇಕು, ಥೀಸಿಸ್‌ನ ಸಿನಾಪ್ಸಿಸ್ (ಯೋಜನೆ) ಬರೆಯುವ ಮೊದಲೇ ಲ್ಯಾಬ್‌ನವರನ್ನು ಕೇಳಿ. ಕಾರ್ಟ್ರಿಜ್ ಆರ್ಡರ್ ಮಾಡುವಾಗ ಅವಧಿ ಮುಗಿಯುವ ದಿನಾಂಕ ನೋಡಿ ತಗೊಳ್ಳಿ, ವಿಭಾಗದ ಫ್ರಿಜ್‌ನಲ್ಲಿ ಫಾರ್ಮಲಿನ್ ಬಾಟಲಿ ಇಟ್ಟಿದ್ದರೆ ಅದರ ಜೊತೆ ಇಡಬೇಡಿ.